ಭಟ್ಟಿಗೆ ಹೋಗಿಬಂದ ಸಿಂಹ

ಜೆಸಿಬಿಯ ಬಕೆಟ್ಟಿಗೆ ಏನೋ ತಗುಲಿ ಟಣ್ ಎಂದು ಸದ್ದಾದ ಕೂಡಲೇ ಪಾಂಡೆಲಿಸ್ ಜೋರಾಗಿ ಕೆಮ್ಮಿದ. ಜೆಸಿಬಿ ಓಡಿಸುತ್ತಿದ್ದ ಸ್ಟ್ರಾಟಿಸ್ ಕೂಡ ಕೆಮ್ಮಿದ. ಕಾತೋ ಮಿಲ್ಯಾ ಊರಿನಲ್ಲಿ ಪಾಯ ತೋಡುವಾಗ ಕಲ್ಲಿನ ಸದ್ದು ಬಂದರೆ ಹೀಗೆ ಕೆಮ್ಮಿ ಮುಚ್ಚಿಹಾಕುವುದು ಹಿಂದಿನಿಂದ ನಡೆದುಬಂದ ರೂಢಿ. ಊರ ನೆತ್ತಿಯ ಮೇಲೆ ಹಳೆಯ ಗ್ರೀಕರ ಹೀರಾ ದೇವಿಯ ಗುಡಿಯ ಅವಶೇಷ ಕೂತಿದೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಆ ದೇವಿಗೆ ನಡೆದುಕೊಳ್ಳುತ್ತಿದ್ದ ಜನ ದಾರಿಯುದ್ದಕ್ಕೂ ಏನೇನು ಬೀಳಿಸಿಕೊಂಡು ಹೋದರೋ, ಸಲಿಕೆ ಹಾಕಿದಲ್ಲೆಲ್ಲ ಒಂದು ಮೂಗು, ಒಂದು ಕಿವಿ, ಅರ್ಧ ಹೂಜಿ ಮೇಲೆ ಬರುತ್ತದೆ. ಬಂದ ಸುದ್ದಿ ಪುರಾತತ್ತ್ವ ಇಲಾಖೆಯ ಕಿವಿಗೆ ಬಿತ್ತೋ, ಮರುದಿನವೇ ಬ್ರಷ್ಷು ಹಿಡಿದ ವಿದ್ಯಾರ್ಥಿಗಳು ಬಂದು ಕೂರುತ್ತಾರೆ, ಮನೆ ಕಟ್ಟುವ ಮಾತು ಅಲ್ಲಿಗೆ ಮುಗಿಯಿತು. ಬೇಕರಿಯ ಎವಾಂಥಿಯಾಳ ತಮ್ಮ ಒಂದು ಕೋಳಿಗೂಡು ಕಟ್ಟಲು ಹೋಗಿ ಹೀಗೇ ಸಿಕ್ಕಿಬಿದ್ದ. ಆ ಕೋಳಿಗಳೆಲ್ಲ ವಯಸ್ಸಾಗಿ ಸತ್ತವು, ಅಲ್ಲಿ ಬ್ರಷ್ಷು ಮಾತ್ರ ಇನ್ನೂ ಆಡುತ್ತಲೇ ಇದೆ.

ಪಾಂಡೆಲಿಸ್ ಊರಿನ ಕ್ಷೌರಿಕ. ಒಬ್ಬಳೇ ಮಗಳು ಮಿರ್ಸಿನಿಗೆ ಆರ್ಗೋಸಿನ ಹುಡುಗ ಗೊತ್ತಾಗಿದ್ದ. ಹುಡುಗ ಅಪ್ಪಟ ಚಿನ್ನ, ಅವನ ತಾಯಿ ದಿಯಾಮಂತೋ ಮಾತ್ರ ಹಳೆಯ ಕಾಲದ ಹೆಂಗಸು. ಹೆಣ್ಣಿನ ಕಡೆಯವರು ಮನೆ ಕಟ್ಟಿಕೊಡಬೇಕು, ಆ ಮನೆಯ ಪಾಯದ ಪೂಜೆಯನ್ನು ತಾನು ಕಣ್ಣಾರೆ ನೋಡಬೇಕು, ನೋಡದೆ ಲಗ್ನದ ಮಾತೇ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ನಾಡಿದ್ದಿನಿಂದ ಆಗಸ್ಟ್ ತಿಂಗಳ ಉಪವಾಸ ಶುರು, ಆಮೇಲೆ ಪಾಯಕ್ಕೆ ಹುಂಜ ಕೊಯ್ದು ಊಟ ಹಾಕುವ ಹಾಗಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆಯೇ ಪಾದ್ರಿ, ಹುಂಜ, ಕಾಂಕ್ರೀಟ್ ಲಾರಿ, ದಿಯಾಮಂತೋ ಎಲ್ಲರೂ ಒಟ್ಟಿಗೆ ಬರುವುದೆಂದು ಗೊತ್ತಾಗಿತ್ತು. ಮಿರ್ಸಿನಿ ಆಗಲೇ ಇನ್ನೂ ಕಟ್ಟದ ಮನೆಯ ಕಿಟಕಿಗಳಿಗೆ ಪರದೆ ಹೊಲಿದು ಮಡಿಸಿಟ್ಟಿದ್ದಳು. ಆ ಪರದೆಗಳನ್ನು ಪಾಂಡೆಲಿಸ್ ದಿನಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಹಾಗೆಯೇ ಮಡಿಸಿಡುತ್ತಿದ್ದ.

ಈಗ ಮಣ್ಣಿನಿಂದ ಎದ್ದುಬಂದದ್ದು ಅಮೃತಶಿಲೆಯ ಸಿಂಹದ ತಲೆ. ದೊಡ್ಡ ಎಲೆಕೋಸಿನ ಗಾತ್ರ, ಗುಂಗುರು ಕೇಸರ, ಅಗಲಕ್ಕೆ ತೆರೆದ ಬಾಯಿ. ಗುಡಿಯ ಸೂರಿನ ಅಂಚಿನಲ್ಲಿ ಸಾಲಾಗಿ ಕೂತು ಮಳೆನೀರು ಉಗುಳುತ್ತಿದ್ದ ಸಿಂಹಗಳಲ್ಲಿ ಒಂದು. ಸ್ಟ್ರಾಟಿಸ್ ಅದನ್ನು ನೋಡಿ, ನಾನು ಏನನ್ನೂ ನೋಡಲಿಲ್ಲ ಎಂದು ಹೇಳಿ, ಮತ್ತೊಂದು ಸಲ ಚೆನ್ನಾಗಿ ನೋಡಿ, ಜೆಸಿಬಿ ತಿರುಗಿಸಿದ. ಹೋಗುವ ಮೊದಲು ವಾಡಿಕೆಯ ಸಲಹೆಯನ್ನೂ ಕೊಟ್ಟ. ನಾಳೆ ಕಾಂಕ್ರೀಟ್ ಸುರಿಯುವಾಗ ಇದನ್ನೂ ಒಳಗೆ ಸೇರಿಸಿಬಿಡು, ಊರಿನ ಅರ್ಧ ಮನೆಗಳ ಕೆಳಗೆ ಯಾವುದಾದರೊಂದು ದೇವರು ಮಲಗಿದ್ದಾನೆ, ಯಾರಿಗೇನು ತೊಂದರೆಯಾಗಿದೆ ಎಂದ.

ಪಾಂಡೆಲಿಸ್‌ಗೆ ಅದು ಸರಿ ಎನಿಸಿತು. ಅವನ ಹೆಂಡತಿ ಗರೂಫಲ್ಯಾ ಬಂದು ನೋಡಿದಳು, ಶಿಲುಬೆ ಮಾಡಿಕೊಂಡಳು, ದೃಷ್ಟಿ ತಗಲದಿರಲೆಂದು ಮೂರು ಸಲ ಥೂ ಥೂ ಅಂದಳು.

"ಇದಕ್ಕೆ ಕಣ್ಣಿದೆ," ಎಂದಳು.

"ಕಲ್ಲಿನ ಕಣ್ಣು ಕಣೇ."

"ಕಲ್ಲಿಂದೋ ಗಾಜಿಂದೋ, ಕಣ್ಣು ಕಣ್ಣೇ. ನನ್ನ ಮಗಳ ಮಂಚದ ಕೆಳಗೆ ಇದು ಬಾಯಿ ತೆಕ್ಕೊಂಡು ಮೇಲ್ಗಡೆ ನೋಡ್ತಾ ಬಿದ್ದಿರತ್ತೆ, ಅದರ ಮೇಲೆ ಅವಳು ಸಂಸಾರ ಮಾಡ್ಬೇಕಾ? ಹುಟ್ಟೋ ಮಗು ಯಾರ ಥರ ಇರತ್ತೆ ಹೇಳು. ಇವತ್ತೇ ಇದನ್ನ ಸಾಗಿಸು."

ಸಾಗಿಸುವುದೇನೋ ಸರಿ, ಎಲ್ಲಿಗೆ? ಹಳ್ಳಕ್ಕೆ ಎಸೆದರೆ ನಾಳೆ ಯಾರೋ ಮೇಕೆ ಕಾಯುವವನು ಕಂಡು ಎಲ್ಲಿಂದ ಉರುಳಿ ಬಂತೆಂದು ಕೇಳುತ್ತಾನೆ. ಬಾವಿಗೆ ಹಾಕಿದರೆ ಊರೇ ಆ ನೀರು ಕುಡಿಯುತ್ತದೆ. ಹಳೆಯ ಕಲ್ಲೊಂದು ಕಣ್ಣಿಗೆ ಬಿದ್ದರೆ ಇದು ಇಲ್ಲಿಗೆ ಯಾಕೆ ಬಂತು ಎಂದು ಯಾರೂ ಕೇಳದ ಜಾಗ ಇಡೀ ಸೀಮೆಯಲ್ಲಿ ಒಂದೇ ಇತ್ತು. ಅದು ಹೀರಾ ದೇವಿಯ ಗುಡಿ. ಸಾವಿರ ಕಲ್ಲುಗಳ ನಡುವೆ ಸಾವಿರದೊಂದನೆಯದು ಯಾರ ಕಣ್ಣಿಗೆ ಬೀಳುತ್ತದೆ? ಈ ಉಪಾಯ ಹೊಳೆದದ್ದೂ ಗರೂಫಲ್ಯಾಳಿಗೇ. ರಾತ್ರಿ ಹೋಗುವಂತಿರಲಿಲ್ಲ, ಕತ್ತಲಾದರೆ ಅಲ್ಲಿ ನಾಯಿ ಬಿಡುತ್ತಾರೆ. ಹಗಲಾದರೆ ಟಿಕೆಟ್ ಇದ್ದವರೆಲ್ಲ ಹೋಗಬಹುದು. ಲೋಕದಲ್ಲೆಲ್ಲ ಕಳ್ಳರು ಇಂಥ ಜಾಗದಿಂದ ಕಲ್ಲು ಕದ್ದು ಹೊರಗೆ ಸಾಗಿಸುತ್ತಾರೆ. ಒಳಗೆ ಸಾಗಿಸಲು ಹೊರಟ ಮೊದಲ ಕಳ್ಳ ನಮ್ಮ ಪಾಂಡೆಲಿಸ್ ಇರಬೇಕು.

ವೇಷ ಕಟ್ಟುವ ಕೆಲಸವನ್ನೂ ಗರೂಫಲ್ಯಾಳೇ ವಹಿಸಿಕೊಂಡಳು. ಸಿಂಹವನ್ನು ತೊಳೆದಳು. ವಾಸನೆ ಹೊಂದಿಕೆಯಾಗಲೆಂದು ಆಲಿವ್ ಎಣ್ಣೆ ಸವರಿ, ನಿಂಬೆರಸ ಹಿಂಡಿ, ಓರೆಗಾನೊ ಸೊಪ್ಪು ಉಜ್ಜಿ, ಈಸ್ಟರ್ ಹಬ್ಬಕ್ಕೆ ಕುರಿಮಾಂಸ ಬೇಯಿಸುವ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಕೂರಿಸಿ ಮುಚ್ಚಳ ಹಾಕಿದಳು. ಯಾರಾದರೂ ಕೇಳಿದರೆ ಕುರಿ ತಲೆ ಅನ್ನು, ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದಳು. ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಪಾಂಡೆಲಿಸ್‌ಗೆ ಸುಳ್ಳು ಹೇಳಲು ಬಾರದು ಎಂದೇನಲ್ಲ. ಒಂದಕ್ಕೆ ನಿಲ್ಲಿಸಲು ಬಾರದು. ಕತ್ತರಿ ಆಡಿಸುತ್ತ ದಿನವಿಡೀ ಮಾತಾಡಿ ಅಭ್ಯಾಸವಾದವನಿಗೆ ಬಾಯಿಗೆ ಪೂರ್ಣವಿರಾಮ ಹಾಕುವುದೇ ಗೊತ್ತಿರಲಿಲ್ಲ.

ಗುಡಿಯ ದಾರಿ ಬೇಕರಿಯ ಮುಂದೆಯೇ ಹೋಗುತ್ತದೆ. ಎವಾಂಥಿಯಾ ಬಾಗಿಲಲ್ಲೇ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಊರಿನವರು ದೊಡ್ಡ ಅಡುಗೆ ಏನೇ ಇದ್ದರೂ ತಂದು ಅವಳ ಭಟ್ಟಿಯಲ್ಲಿಟ್ಟು ಬೇಯಿಸಿಕೊಂಡು ಹೋಗುವುದು ವಾಡಿಕೆ. ಅಷ್ಟು ದೊಡ್ಡ ಪಾತ್ರೆ ಹೊತ್ತವನೊಬ್ಬ ತನ್ನ ಬಾಗಿಲನ್ನು ದಾಟಿ ಮುಂದೆ ಹೋಗುವುದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

"ಎಲ್ಲಿಗಯ್ಯಾ ಪಾಂಡೆಲೀ? ಭಟ್ಟಿ ಇಲ್ಲಿದೆ."

"ಕುರಿ ತಲೆ, ಎವಾಂಥಿಯಕ್ಕಾ," ಎಂದ ಪಾಂಡೆಲಿಸ್. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನಾಳೆ ಪಾಯ ಅಲ್ವಾ, ಅದಕ್ಕೇ. ಹಸೀದು. ಅಂದ್ರೆ, ಇನ್ನೂ ಬೆಂದಿಲ್ಲ."

ಬೇಯದ ಮಾಂಸವನ್ನು ಹೊತ್ತುಕೊಂಡು ಬೇಕರಿಯಿಂದಾಚೆಗೆ ಹೋಗುವವನಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಎವಾಂಥಿಯಾ ತೀರ್ಮಾನಿಸಿದಳು. ಮಗಳ ಮದುವೆ ಎಂದರೆ ಎಂಥವರಿಗೂ ತಲೆ ಕೆಡುತ್ತದೆ ಎಂದು ತಾನೇ ಸಮಾಧಾನ ಹೇಳಿ, ಅವನ ಕೈಯಿಂದ ಪಾತ್ರೆಯನ್ನು ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಅವಳ ಸೊಂಟ ಅರ್ಧ ಬಗ್ಗಿತು.

"ಏನು ಕುರಿಯಪ್ಪಾ ಇದು? ಬದುಕಿದ್ದಾಗ ಕಲ್ಲು ಮೇಯ್ತಿತ್ತಾ?"

ಅವಳು ಮುಚ್ಚಳಕ್ಕೆ ಕೈಹಾಕಿದಳು. ಪಾಂಡೆಲಿಸ್ ಮುಚ್ಚಳದ ಮೇಲೆ ಎರಡೂ ಕೈ ಊರಿ ನಿಂತ. ಗರೂಫಲ್ಯಾ ಪ್ರಾರ್ಥನೆ ಹೇಳಿ ಮುಚ್ಚಿದ್ದಾಳೆ, ತೆರೆದರೆ ದೃಷ್ಟಿಯಾಗುತ್ತದೆ, ಹೋದ ವರ್ಷ ಅವಳ ಚಿಕ್ಕಮ್ಮ ಹೀಗೆಯೇ ಮುಚ್ಚಳ ತೆರೆದು ಒಂದು ವಾರ ಎದ್ದಿರಲಿಲ್ಲ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ದೃಷ್ಟಿಯ ವಿಷಯದಲ್ಲಿ ಎವಾಂಥಿಯಾ ಬಹಳ ಜಾಗರೂಕಳು. ತೆರೆಯುವುದು ಬೇಡವೇ ಬೇಡ, ಆದರೆ ಪ್ರಾರ್ಥನೆ ಹೇಳಿದ ಮಾಂಸದ ಆವಿ ಒಂದು ಚೂರೂ ಹೊರಗೆ ಹೋಗಬಾರದು ಎಂದು ಹಿಟ್ಟಿನ ಉದ್ದನೆಯ ಹುರಿ ಹೊಸೆದು, ಮುಚ್ಚಳದ ಸುತ್ತ ಅಂಟಿಸಿ ಬಿಗಿಮಾಡಿ, ಹಿಟ್ಟು ಬಿರುಕಿನೊಳಗೆ ಇಳಿಯುವಂತೆ ಹೆಬ್ಬೆರಳಿನಿಂದ ಒತ್ತಿ, ಪಾತ್ರೆಯನ್ನು ಭಟ್ಟಿಗೆ ನೂಕಿದಳು. ಎಲ್ಲವೂ ಪಾಂಡೆಲಿಸ್ ಬೇಡ ಅನ್ನುವಷ್ಟರಲ್ಲಿ ಆಗಿಹೋಯಿತು.

ಹೀಗೆ ಎರಡೂವರೆ ಸಾವಿರ ವರ್ಷದ ಸಿಂಹ ಬನ್ನುಗಳ ಪಕ್ಕದಲ್ಲಿ ಬೇಯತೊಡಗಿತು. ಪಾಂಡೆಲಿಸ್ ಬೇಕರಿಯ ಬೆಂಚಿನ ಮೇಲೆ ಕೂತು ಬೆವರೊರೆಸಿಕೊಂಡ. ಬ್ರೆಡ್ಡಿಗೆ ಬಂದವರೆಲ್ಲ ಘಮ ಚೆನ್ನಾಗಿದೆ ಎಂದರು. ಒಬ್ಬರು ಯಾವ ಕಟುಕನಲ್ಲಿ ತಂದೆ ಎಂದು ಕೇಳಿದರು. ಇನ್ನೊಬ್ಬರು ನಾಲಗೆಯನ್ನು ನನಗಾಗಿ ತೆಗೆದಿಡು ಎಂದರು. ಅವನು ಎಲ್ಲದಕ್ಕೂ ಒಪ್ಪಿದ. ಕಲ್ಲು ಒಡೆದು ಚೂರಾದರೆ ಇಡೀ ಪೀಡೆಯೇ ಕಳೆಯಿತಲ್ಲ ಎಂಬ ಒಂದು ಸಣ್ಣ ಆಸೆ ಒಳಗೆ ಇತ್ತು. ಆದರೆ ಹಿಂದಿನವರು ಒಳ್ಳೆಯ ಕಲ್ಲನ್ನೇ ಆರಿಸಿದ್ದರು. ಎವಾಂಥಿಯಾ ಪಾತ್ರೆಯನ್ನು ಹೊರಗೆಳೆದಾಗ ಅದು ಕೆಂಡದಷ್ಟು ಬಿಸಿಯಾಗಿತ್ತು, ಒಳಗಿನಿಂದ ಸದ್ದೇನೂ ಇರಲಿಲ್ಲ. ಅವಳು ತನ್ನ ಹತ್ತಿಯ ದಪ್ಪ ಕೈಗವಸುಗಳನ್ನು ಅವನ ಕೈಗೆ ತೊಡಿಸಿ, ಮನೆಯ ಕಡೆ ಮುಖಮಾಡಿ ನಿಲ್ಲಿಸಿ ಕಳಿಸಿದಳು. ಅವನು ಮೂಲೆ ತಿರುಗಿ, ಹಿಂದಿನ ಗಲ್ಲಿಯಿಂದ ಸುತ್ತುಹಾಕಿ, ಶಾಲೆಯ ಪಕ್ಕದ ಏರು ಹತ್ತಿ ಗುಡಿಯ ಗೇಟಿಗೆ ಬಂದ.

ಇಲ್ಲಿ ಒಂದು ವಿಷಯ ಹೇಳಬೇಕು. ಪಾಂಡೆಲಿಸ್ ಆ ಗೇಟಿನೊಳಗೆ ಹುಟ್ಟಿದಾಗಿನಿಂದ ಕಾಲಿಟ್ಟಿರಲಿಲ್ಲ. ಅವನೊಬ್ಬನೇ ಏನಲ್ಲ, ಕಾವಲುಗಾರನನ್ನು ಬಿಟ್ಟರೆ ಊರಿನಲ್ಲಿ ಯಾರೂ ಇಟ್ಟಿರಲಿಲ್ಲ. ಶಾಲೆಯವರು ಮಕ್ಕಳನ್ನು ದೂರದ ದೊಡ್ಡ ಅವಶೇಷಗಳನ್ನು ನೋಡಲು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಊರ ನೆತ್ತಿಯಲ್ಲೇ ಇರುವುದಕ್ಕೆ ಬಸ್ಸು ಯಾಕೆ? ಭೂಮಿಯ ಆ ತುದಿಯಿಂದ ಜನ ಹಾರಿಬಂದು ನೋಡಿ ಕಣ್ಣೊರೆಸಿಕೊಂಡು ಹೋಗುವ ಮೂರು ಕಂಬಗಳು ಇವರ ಪಾಲಿಗೆ ಬಟ್ಟೆ ಒಣಗುತ್ತದೋ ಇಲ್ಲವೋ ಎಂದು ಮೋಡ ನೋಡಲು ಆಗುತ್ತಿದ್ದವು ಅಷ್ಟೆ.

ಆದ್ದರಿಂದ ಗೇಟಿನ ಕಾವಲುಗಾರ ಕ್ಲೆಯಾಂಥಿಸ್ ತನ್ನ ಕ್ಷೌರಿಕನನ್ನು ಟಿಕೆಟ್ ಕಿಟಕಿಯ ಮುಂದೆ ಕಂಡು ಎದ್ದೇ ನಿಂತ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಮೊದಲು ವಿಚಾರಿಸಿದ. ಆಮೇಲೆ ಮೂಗು ಅರಳಿಸಿದ.

"ಕುರಿ ತಲೆ," ಎಂದ ಪಾಂಡೆಲಿಸ್.

"ಒಳಗೆ ತಿಂಡಿ ತೀರ್ಥ ಒಯ್ಯೋ ಹಾಗಿಲ್ಲ ಪಾಂಡೆಲೀ. ಇಲ್ಲೇ ನನ್ನ ಮೇಜಿನ ಮೇಲೆ ಇಡು. ಬೆಳಿಗ್ಗೆಯಿಂದ ಒಂದು ಒಣ ಬ್ರೆಡ್ಡಿನಲ್ಲಿದೀನಿ, ನಾನೇ ಕಾಯ್ತೀನಿ."

ಅವನು ಕಾಯುವ ರೀತಿ ಹೇಗಿರುತ್ತದೆಂಬುದು ಅವನ ಜೇಬಿನಿಂದ ಆಗಲೇ ಹೊರಬಂದಿದ್ದ ಫೋರ್ಕಿನಿಂದ ಗೊತ್ತಾಗುತ್ತಿತ್ತು. ಪಾಂಡೆಲಿಸ್ ಪಾತ್ರೆಯನ್ನು ಎದೆಗವಚಿಕೊಂಡ. ಇದು ತಿನ್ನುವುದಕ್ಕಲ್ಲ, ಹರಕೆ ಎಂದ. ಯಾರ ಹರಕೆ ಎಂದು ಕ್ಲೆಯಾಂಥಿಸ್ ಕೇಳಿದ. ಒಳಗೆ ಒಂದು ಪುಟ್ಟ ಚರ್ಚಾದರೂ ಇದ್ದಿದ್ದರೆ ಯಾವುದಾದರೊಂದು ಸಂತನ ಹೆಸರು ಹೇಳಬಹುದಿತ್ತು, ಇಲ್ಲಿ ಇದ್ದದ್ದು ಒಬ್ಬಳೇ ದೇವಿ, ಅವಳ ಪೂಜೆ ನಿಂತು ಯುಗವಾಗಿತ್ತು.

"ಹೀರಾದು," ಎಂದ ಪಾಂಡೆಲಿಸ್, ಮೆಲ್ಲಗೆ. "ಮದುವೆಗಳ ದೇವಿ ಅಂತಾರಲ್ಲ. ಮಿರ್ಸಿನಿಗೋಸ್ಕರ. ನಮ್ಮ ಅಜ್ಜಿ ಮಾಡ್ತಿದ್ದಳು. ಅವಳ ಅಜ್ಜಿನೂ ಮಾಡ್ತಿದ್ದಳು. ಪಾದ್ರಿಗೆ ಮಾತ್ರ ಹೇಳ್ಬೇಡ."

ಕ್ಲೆಯಾಂಥಿಸ್ ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಹಿಂದಿನಿಂದ ಯಾರೋ ಜೋರಾಗಿ ಉಸಿರೆಳೆದುಕೊಂಡ ಸದ್ದು ಕೇಳಿತು. ಅಲ್ಲಿ ಗೈಡ್ ಪೊಲಿಕ್ಸೇನಿ ನಿಂತಿದ್ದಳು, ಅವಳ ಹಿಂದೆ ಹಾಲೆಂಡಿನ ನಿವೃತ್ತ ಮೇಷ್ಟರುಗಳ ಒಂದು ಬಸ್ಸು ತುಂಬ ಜನ. ಪೊಲಿಕ್ಸೇನಿ ಅಥೆನ್ಸಿನಲ್ಲಿ ಓದಿದವಳು. ಹಳ್ಳಿಗರ ಆಚಾರಗಳೆಲ್ಲ ಹಳೆಯ ಧರ್ಮದ ಉಳಿಕೆಗಳೇ ಎಂದು ಪ್ರವಾಸಿಗರಿಗೆ ದಿನಾ ಹೇಳುತ್ತಿದ್ದಳು, ಆದರೆ ತೋರಿಸಲು ಅವಳಿಗೆ ಇವತ್ತಿನವರೆಗೆ ಒಬ್ಬ ಹಳ್ಳಿಗನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದ. ಹಿಟ್ಟಿನಿಂದ ಮುದ್ರೆಯೊತ್ತಿದ ನೈವೇದ್ಯದ ಪಾತ್ರೆ, ಬರಿಗೈಯಲ್ಲಿ ಮುಟ್ಟಬಾರದೆಂದು ಕೈಗವಸು, ಮಗಳ ಲಗ್ನಕ್ಕಾಗಿ ತಂದೆಯ ಹರಕೆ. ಅವಳು ಅದನ್ನು ತನ್ನ ಗುಂಪಿಗೆ ಅವರ ಭಾಷೆಯಲ್ಲಿ ಹೇಳುತ್ತಿದ್ದಂತೆ ಕ್ಯಾಮರಾಗಳೆಲ್ಲ ಮೇಲೆದ್ದವು. ಒಬ್ಬ ಅಜ್ಜಿ ಅಳತೊಡಗಿದಳು. ಇಷ್ಟು ಜನ ನೋಡುತ್ತಿರುವಾಗ ನೈವೇದ್ಯವನ್ನು ತಡೆದು ಫೋರ್ಕು ಹಾಕುವ ಧೈರ್ಯ ಕ್ಲೆಯಾಂಥಿಸ್‌ಗೆ ಬರಲಿಲ್ಲ, ಗೇಟು ತೆರೆದ. ತೆರೆದು ತಾನೂ ಹಿಂದೆ ಹೊರಟ. ದೇವಿ ತಿಂದು ಉಳಿದದ್ದು ಯಾರಿಗಾದರೂ ಸಲ್ಲಬೇಕಲ್ಲ.

ಪಾಂಡೆಲಿಸ್ ಮುಂದೆ, ಮೆರವಣಿಗೆ ಹಿಂದೆ. ಅವನಿಗೆ ಬೇಕಾಗಿದ್ದದ್ದು ಯಾರೂ ಇಲ್ಲದ ಒಂದು ಮೂಲೆ. ಅವನು ಬಲಿಪೀಠದ ಹತ್ತಿರ ನಿಂತರೆ ಮೇಷ್ಟರುಗಳೂ ನಿಂತು ಟೋಪಿ ತೆಗೆದರು. ಕಂಬಗಳನ್ನು ಸುತ್ತಿದರೆ ಅವರೂ ಸುತ್ತಿದರು. ಹಾದಿ ತಿಳಿಯದೆ ಅದೇ ಕಂಬಗಳನ್ನು ಮೂರನೆಯ ಸಲ ಸುತ್ತುತ್ತಿರುವಾಗ, ಮೂರು ಪ್ರದಕ್ಷಿಣೆ ಎಂದು ಪೊಲಿಕ್ಸೇನಿ ಪಿಸುಗುಟ್ಟಿದ್ದು ಅವನಿಗೆ ಕೇಳಿಸಿತು. ಪಾತ್ರೆಯ ಬಿಸಿ ಕೈಗವಸು ದಾಟಿ ಹೊಟ್ಟೆಗೆ ತಟ್ಟುತ್ತಿತ್ತು. ತೋಳು ಬಿದ್ದುಹೋಗುತ್ತಿತ್ತು. ಕೊನೆಗೆ ದಾರಿ ಬಿಟ್ಟು, ಬಿದ್ದ ಕಲ್ಲುಗಳನ್ನು ದಾಟಿ, ಇಳಿಜಾರಿನಲ್ಲಿ ಮುಳ್ಳುಪೊದೆ ಆಳೆತ್ತರ ಬೆಳೆದಿದ್ದ ಕೊನೆಯ ತುದಿಯವರೆಗೆ ನಡೆದ. ಅಲ್ಲಿಗೆ ಯಾವ ಪ್ರವಾಸಿಯೂ ಬರುವ ಹಾಗೆ ಕಾಣಲಿಲ್ಲ. ಇವನು ಕರೆದುಕೊಂಡು ಬಂದವರನ್ನು ಬಿಟ್ಟು.

"ಇಲ್ಲಿ ನಾನೊಬ್ಬನೇ ಇರ್ಬೇಕು," ಎಂದ ಪಾಂಡೆಲಿಸ್, ಅಳುವ ದನಿಯಲ್ಲಿ. "ಯಾರೂ ನೋಡ್ಬಾರದು."

ಪೊಲಿಕ್ಸೇನಿಗೆ ಅದಕ್ಕಿಂತ ಸಹಜವಾದ ಮಾತು ಇನ್ನೊಂದಿರಲಿಲ್ಲ. ಹಿಂದಿನ ಕಾಲದಲ್ಲೂ ಇಂಥದ್ದೆಲ್ಲ ಗುಟ್ಟಾಗಿಯೇ ನಡೆಯುತ್ತಿತ್ತು ಎಂದು ಅವಳು ತನ್ನವರಿಗೆ ತಿಳಿಸಿದಳು. ಮೇಷ್ಟರುಗಳೆಲ್ಲ ಶಿಸ್ತಿನಿಂದ ಬೆನ್ನು ತಿರುಗಿಸಿ ನಿಂತರು. ಕ್ಲೆಯಾಂಥಿಸ್‌ನ ಭುಜ ಹಿಡಿದು ಅವನನ್ನೂ ತಿರುಗಿಸಿದರು.

ಪಾಂಡೆಲಿಸ್ ಗಟ್ಟಿಯಾದ ಹಿಟ್ಟನ್ನು ಕಲ್ಲಿಗೆ ಕುಟ್ಟಿ ಒಡೆದು ಮುಚ್ಚಳ ತೆಗೆದ. ಓರೆಗಾನೊ ಘಮದ ಒಂದು ಮೋಡ ಎದ್ದಿತು. ಒಳಗೆ ಸಿಂಹ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಮುಚ್ಚಳದಿಂದ ಇಳಿದ ಹಿಟ್ಟು ಕೇಸರದ ಮೇಲೆ ಒಣಗಿ ಕೂತಿತ್ತು, ಒಂದು ಕಿವಿಗೆ ಬ್ರೆಡ್ಡಿನ ತುಣುಕೇ ಅಂಟಿತ್ತು. ಅವನು ಅದನ್ನು ಎತ್ತಿದ. ಒಂದು ಕ್ಷಣ ಹಿಡಿದ. ಮರುಕ್ಷಣ ಬಿಟ್ಟ. ಸಿಂಹ ಎರಡು ಪಲ್ಟಿ ಹೊಡೆದು, ಮುಳ್ಳಿನ ಬುಡದಲ್ಲಿ, ಬೇಲಿಯ ತಂತಿಗೆ ಮೂಗು ತಾಗಿಸಿ ನಿಂತಿತು. ನೋಡಲು ಎಂದಿನಿಂದಲೋ ಅಲ್ಲೇ ಬಿದ್ದಿದ್ದ ಹಾಗೆ ಇತ್ತು. ಪಾಂಡೆಲಿಸ್‌ಗೆ ಅಷ್ಟು ಹಗುರ ಎಂದೂ ಎನಿಸಿರಲಿಲ್ಲ. ಆಯಿತು, ಪೀಡೆ ಕಳೆಯಿತು, ನಾಳೆ ಪಾದ್ರಿ ಬರಬಹುದು, ದಿಯಾಮಂತೋ ಬರಬಹುದು, ಆ ಪರದೆಗಳಿಗೆ ಕಿಟಕಿಗಳು ಬರುತ್ತವೆ ಎಂದುಕೊಂಡ. ಯಾರೂ ಇಲ್ಲದಿದ್ದರೆ ಕುಣಿದೇಬಿಡುತ್ತಿದ್ದ.

ಎಲ್ಲರೂ ತಿರುಗಿ ನೋಡಿದರೆ ಪಾತ್ರೆ ಖಾಲಿ. ದೇವಿ ಸ್ವೀಕರಿಸಿದಳು ಎಂದು ಪೊಲಿಕ್ಸೇನಿ ಗದ್ಗದಿತಳಾಗಿ ಹೇಳಿದಳು. ಮೇಷ್ಟರುಗಳು ಚಪ್ಪಾಳೆ ತಟ್ಟಿದರು. ಕ್ಲೆಯಾಂಥಿಸ್ ಮಾತ್ರ ಪಾತ್ರೆಯೊಳಗೆ ತಲೆ ತೂರಿಸಿ, ಒಂದು ಮೂಳೆಯೂ ಇಲ್ಲವಲ್ಲ, ಇಷ್ಟು ಬೇಗ ಹೇಗೆ ತಿಂದೆ ಎಂದು ಅವನನ್ನೇ ಜಾಡಿಸಿದ. ಮೂಳೆಯನ್ನಾದರೂ ಎಸೆದಿರಬಹುದೆಂದು ಪೊದೆಯೊಳಗೆ ಬಗ್ಗಿ ಹುಡುಕತೊಡಗಿದ. ಹಸಿದವನ ಕಣ್ಣಿಗೆ ಎಣ್ಣೆಯ ಹೊಳಪು ಎಷ್ಟು ಹೊತ್ತು ತಪ್ಪಿಸಿಕೊಂಡೀತು?

ಅವನು ಊದಿದ ಸೀಟಿ ಊರಿಗೆಲ್ಲ ಕೇಳಿಸಿತು. ಕಂಬಗಳಾಚೆ ಒಂದು ಗುಂಡಿಯಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಣ್ಣು ಜಾಲಿಸುತ್ತಿದ್ದ ಇಲಾಖೆಯ ಮೇಡಂ ಯೂಲಿಯಾ ಓಡಿಬಂದಳು. ಎವಾಂಥಿಯಾಳ ತಮ್ಮನ ಕೋಳಿಗೂಡು ನಿಲ್ಲಿಸಿದ್ದವಳು ಇವಳೇ. ಒಳ್ಳೆಯ ಹೆಂಗಸು, ಕೆಟ್ಟದ್ದು ಬಯಸುವವಳಲ್ಲ. ಆದರೆ ವರ್ಷಗಟ್ಟಲೆ ಬಿಸಿಲಲ್ಲಿ ಅಗೆದು ಅವಳಿಗೆ ಸಿಕ್ಕಿದ್ದೆಲ್ಲ ಒಡೆದ ಲೋಟಗಳು. ಇನ್ನೂ ಏನೂ ಸಿಗದಿದ್ದರೆ ಅಗೆತ ನಿಲ್ಲಿಸಿ ಎಂದು ಮೇಲಿನವರು ಹೇಳಿದ್ದರು. ಅವಳು ಸಿಂಹದ ಮುಂದೆ ಮುಳ್ಳಿನಲ್ಲೇ ಮಂಡಿಯೂರಿದಳು.

ಪಾಂಡೆಲಿಸ್ ಬೇಗಬೇಗ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದ. ಬೇಕರಿಯ ವಾಸನೆ ಹೊಡೆಯುವ ಕಲ್ಲಿನ ಗುಟ್ಟು ಈಗ ರಟ್ಟಾಯಿತು ಎಂದುಕೊಂಡ. ಆದರೆ ಮೇಡಂ ಅದನ್ನು ಮುಟ್ಟಿ, ಕಲ್ಲು ಬಿಸಿಲಿಗೆ ಎಷ್ಟು ಕಾದಿದೆ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದಳು. ಹೊಳಪನ್ನು ನೋಡಿ, ಅಂದಿನ ಶಿಲ್ಪಿ ಕೊಟ್ಟ ನಯ ಹಾಗೇ ಉಳಿದಿದೆ ಎಂದಳು. ಮೂಸಿ ನೋಡಿ, ಈ ಇಳಿಜಾರಿನಲ್ಲೆಲ್ಲ ಓರೆಗಾನೊ ಬೆಳೆಯುತ್ತದೆ ಎಂದಳು. ಕಿವಿಗೆ ಅಂಟಿದ್ದ ಬ್ರೆಡ್ಡಿನ ತುಣುಕನ್ನು ಚಿಮ್ಮಟದಲ್ಲಿ ಬಿಡಿಸಿ, ಬೆಳಕಿಗೆ ಹಿಡಿದು, ಸಣ್ಣ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು.

"ಗಾರೆ," ಎಂದಳು. "ಸೂರಿನ ಗಾರೆ ಇನ್ನೂ ಅಂಟ್ಕೊಂಡಿದೆ. ಅಂದ್ರೆ ಇದನ್ನ ಯಾರೂ ಎಲ್ಲಿಂದಲೂ ತಂದು ಹಾಕಿಲ್ಲ, ಬಿದ್ದಲ್ಲೇ ಇದೆ."

ಪಾಂಡೆಲಿಸ್ ಉಸಿರು ಬಿಟ್ಟ. ಅಷ್ಟೇ ಅಲ್ಲ, ತಲೆಯನ್ನೂ ಆಡಿಸಿದ. ಹೌದು ಮೇಡಂ, ಇದು ಇಲ್ಲೇ ಇತ್ತು, ಅಜ್ಜಿಯ ಕಾಲದಿಂದಲೂ ಇಲ್ಲೇ ಇತ್ತು, ಅದಕ್ಕೇ ಅವಳು ಹರಕೆಯನ್ನು ಇದೇ ಜಾಗದಲ್ಲಿ ಒಪ್ಪಿಸುತ್ತಿದ್ದಳು ಎಂದು ಯಾರೂ ಕೇಳದೆಯೇ ಸೇರಿಸಿದ. ಪೊಲಿಕ್ಸೇನಿ ಅದನ್ನು ಬರೆದುಕೊಂಡಳು. ಮೇಡಂ ಅವನ ಎರಡೂ ಕೈಗವಸುಗಳನ್ನು ಹಿಡಿದು ಕುಲುಕಿದಳು. ಕೆಲಸ ಇಷ್ಟು ಸಲೀಸಾಗಿ ಮುಗಿಯುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಡಂ ಎದ್ದು ನಿಂತು ಕಂಬಗಳನ್ನು ನೋಡಿದಳು, ಸಿಂಹವನ್ನು ನೋಡಿದಳು, ಇಳಿಜಾರನ್ನು ನೋಡಿದಳು.

"ದೊಡ್ಡ ಗುಡಿಯ ಸಿಂಹಗಳು ಹೀಗಿಲ್ಲ, ಅವು ಬೇರೆ ಥರ. ಸೂರಿನ ಸಿಂಹ ಇದೆ ಅಂದ್ಮೇಲೆ ಇನ್ನೊಂದು ಸೂರಿರ್ಬೇಕು. ಸೂರಿದೆ ಅಂದ್ಮೇಲೆ ಇನ್ನೊಂದು ಗುಡಿ ಇರ್ಬೇಕು. ಈಚೆ ಬರೀ ಬಂಡೆ, ಪಾಯ ನಿಲ್ಲಲ್ಲ. ಗುಡಿ ಇದ್ದದ್ದು ಬೇಲಿಯಾಚೆ. ಈ ಮುಳ್ಳು ಕತ್ತರಿಸ್ರಪ್ಪಾ."

ವಿದ್ಯಾರ್ಥಿಗಳು ಕತ್ತರಿ ಹಾಕಿದರು. ಮುಳ್ಳಿನ ಗೋಡೆಯಲ್ಲಿ ಒಂದು ಕಿಂಡಿಯಾಯಿತು. ಪಾಂಡೆಲಿಸ್ ಕೂಡ ಕುತೂಹಲದಿಂದ ಇಣುಕಿದ. ಕೆಳಗೆ ಆಲಿವ್ ಮರಗಳಿದ್ದವು. ಮರಗಳ ನಡುವೆ ಹೊಸದಾಗಿ ತೋಡಿದ ಪಾಯದ ಗುಂಡಿ ಇತ್ತು. ಗುಂಡಿಯ ಅಂಚಿನಲ್ಲಿ ಗರೂಫಲ್ಯಾ ನಾಳೆಯ ಪೂಜೆಗೆಂದು ಪೊರಕೆ ಹಿಡಿದು ಕಸ ಗುಡಿಸುತ್ತಿದ್ದಳು.

ಊರಿನಿಂದ ಅವನ ಜಾಗಕ್ಕೆ ಹೋಗಬೇಕಾದರೆ ಕೆಳಗಿನ ದಾರಿಯಲ್ಲಿ ಸ್ಮಶಾನ ಬಳಸಿ, ಹಳ್ಳ ದಾಟಿ, ಗುಡ್ಡದ ಬೆನ್ನಿಗೆ ಹೋಗಬೇಕು. ಗುಡಿಗೆ ಮೇಲಿನ ದಾರಿ, ಶಾಲೆಯ ಪಕ್ಕ. ಎರಡಕ್ಕೂ ನಡುವೆ ಅರ್ಧ ಸೀಮೆ ಇದೆ ಎಂದು ಅವನು ಆಣೆಯಿಟ್ಟು ಹೇಳುತ್ತಿದ್ದ. ಜಾಗದ ಮೇಲ್ಗಡೆಯ ಮುಳ್ಳು ಅರಣ್ಯದವರದು ಎಂದೇ ಇಷ್ಟು ವರ್ಷ ನಂಬಿದ್ದ. ಒಂದೇ ಒಂದು ಸಲ ಟಿಕೆಟ್ ತೆಗೆದುಕೊಂಡು ಒಳಗೆ ಬಂದು ನೋಡಿದ್ದರೂ ಗೊತ್ತಾಗುತ್ತಿತ್ತು.

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಿಂಹ ಇಲ್ಲಿ ಬಿದ್ದದ್ದಲ್ಲ, ನಾನೇ ತಂದು ಹಾಕಿದ್ದು ಎಂದು ಈಗಲೇ ಹೇಳಿಬಿಡಬೇಕು. ಎಲ್ಲಿಂದ ತಂದೆ ಎಂದು ಕೇಳುತ್ತಾರೆ. ಅಗೋ ಅಲ್ಲಿಂದ ಎನ್ನಬೇಕು. ಸುಮ್ಮನಿದ್ದರೆ ಸಿಂಹ ಇಲ್ಲಿದ್ದುದರಿಂದ ಗುಡಿ ಅಲ್ಲಿದೆ, ಬಾಯಿಬಿಟ್ಟರೆ ಸಿಂಹ ಅಲ್ಲಿದ್ದುದರಿಂದ ಗುಡಿ ಅಲ್ಲಿದೆ. ಹೇಗೆ ತಿರುಗಿಸಿದರೂ ಗುಡಿ ಮಿರ್ಸಿನಿಯ ಅಡುಗೆಮನೆಯಲ್ಲೇ ಬಂದು ನಿಲ್ಲುತ್ತಿತ್ತು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು ಹಾಗೇ ನಿಂತ. ಬೇಲಿಯ ಬುಡದ ಸಿಂಹಕ್ಕೂ ಅವನಿಗೂ ಆಗ ಕೇಸರವೊಂದೇ ವ್ಯತ್ಯಾಸ.

ಮೇಡಂ ಕಿಂಡಿಯಿಂದ ಕೈಬೀಸಿ ಗರೂಫಲ್ಯಾಳನ್ನು ಕೂಗಿ ಕರೆದಳು. ಈ ಗುಂಡಿ ತೋಡುವಾಗ ಹಳೆಯ ಕಲ್ಲು, ಮಡಕೆ, ಏನಾದರೂ ಸಿಕ್ಕಿತೇ ಎಂದು ಕೇಳಿದಳು. ಈ ಪ್ರಶ್ನೆಗೆ ಏನು ಹೇಳಬೇಕೆಂದು ಕಾತೋ ಮಿಲ್ಯಾದ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗರೂಫಲ್ಯಾ ಪೊರಕೆ ನೆಲಕ್ಕೂರಿ, ನೆಟ್ಟಗೆ ನಿಂತು, ಒಂದು ಮಾತೂ ಹೆಚ್ಚಿಲ್ಲದೆ ಒಂದು ಮಾತೂ ಕಮ್ಮಿಯಿಲ್ಲದೆ ಉತ್ತರ ಕೊಟ್ಟಳು.

"ಒಂದು ಬೆಣಚುಕಲ್ಲೂ ಇಲ್ಲ ಮೇಡಂ. ಆಳುದ್ದ ತೋಡಿದೀವಿ. ಬರೀ ಮಣ್ಣು. ನಮ್ಮಜ್ಜನ ಕಾಲದಿಂದ ಈ ನೆಲದಲ್ಲಿ ಯಾರೂ ಏನೂ ಕಂಡಿಲ್ಲ."

ಮೇಡಂ ಯೂಲಿಯಾಳ ಕಣ್ಣಲ್ಲಿ ನೀರು ತುಂಬಿತು. ಅವಳು ವಿದ್ಯಾರ್ಥಿಗಳ ಕಡೆ ತಿರುಗಿದಳು.

"ಕೇಳಿದ್ರಾ? ಆಳುದ್ದ ತೋಡಿದ್ರೂ ಏನೂ ಸಿಕ್ಕಿಲ್ಲ. ಅಂದ್ರೆ ಯಾರೂ ಕದ್ದಿಲ್ಲ, ಯಾರೂ ಒಡೆದಿಲ್ಲ. ಇಡೀ ಗುಡಿ ಅದರ ಕೆಳಗೆ ಹಾಗೇ ಇದೆ."

ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮೇಷ್ಟರುಗಳಿಗೆ ವಿಷಯ ತಿಳಿಯದಿದ್ದರೂ ಸಂತೋಷ ತಿಳಿಯಿತು, ಅವರು ಮತ್ತೆ ಚಪ್ಪಾಳೆ ತಟ್ಟಿದರು. ಕೆಳಗಿನಿಂದ ಗರೂಫಲ್ಯಾ ಗಂಡನನ್ನು ಗುರುತಿಸಿ, ಕೆಲಸ ಆಯಿತೇ ಎಂಬಂತೆ ಹುಬ್ಬು ಹಾರಿಸಿ, ಅಷ್ಟೊಂದು ಜನ ನಗುತ್ತಿರುವುದನ್ನು ಕಂಡು ತಾನೂ ನಕ್ಕಳು. ಆ ನಗುವಿನ ಪಕ್ಕದಲ್ಲಿ ಪಾಂಡೆಲಿಸ್‌ಗೆ ಮಡಿಸಿಟ್ಟ ಪರದೆಗಳು ಕಂಡವು. ಅವನಿಗೆ ನಿಜವಾಗಿ ಅಳು ಬಂತು. ಹರಕೆಯ ತಂದೆಗೆ ಆನಂದಬಾಷ್ಪ ಎಂದು ಪೊಲಿಕ್ಸೇನಿ ತನ್ನವರಿಗೆ ವಿವರಿಸಿದಳು. ವಿದ್ಯಾರ್ಥಿಗಳು ಆಗಲೇ ತಂತಿಯನ್ನು ಬಗ್ಗಿಸಿ, ಒಬ್ಬೊಬ್ಬರಾಗಿ ಆಚೆಗೆ ಧುಮುಕುತ್ತಿದ್ದರು.

ಪಾಂಡೆಲಿಸ್ ಹತ್ತಿರದ ಕಲ್ಲಿನ ಮೇಲೆ ಕುಸಿದು ಕೂತ. ಕೂತದ್ದೇ ತಡ, ಕಿವಿಯ ಪಕ್ಕದಲ್ಲೇ ಸೀಟಿ ಊದಿತು.

"ಏಳು ಪಾಂಡೆಲೀ," ಎಂದ ಕ್ಲೆಯಾಂಥಿಸ್, ಕುರಿ ತಲೆಯ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ. "ಪುರಾತನ ಕಲ್ಲಿನ ಮೇಲೆ ಕೂರೋ ಹಾಗಿಲ್ಲ. ಕೂರ್ಬೇಕಂದ್ರೆ ಕೆಳಗೆ ನಿನ್ನ ಜಾಗ ಇದೆಯಲ್ಲ, ಅಲ್ಲಿ ಹೋಗಿ ಕೂತ್ಕೋ."

ಹೇಳಿ, ಬೇಲಿಯಾಚೆ ಇಳಿಯುತ್ತಿದ್ದವರನ್ನು ಒಂದು ಸಲ ನೋಡಿದ.

"ಅಲ್ಲ ತಡಿ," ಎಂದ. "ಇನ್ಮೇಲೆ ಅಲ್ಲೂ ಕೂರೋ ಹಾಗಿಲ್ಲ."